ದವಡೆ ಕಚ್ಚಿದ ಪಟ್ಟಿ

ಗಾಜಿನ ನಾರಿಗೆ ಅಂಟು ಕುಡಿಸಿ ಮಾಡಿದ ಪಟ್ಟಿಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಮುರಿಯುವ ತನಕ ಎಳೆಯುವುದು ಅಕ್ಕನ ಕೆಲಸ. ಪಟ್ಟಿಯ ಎರಡು ತುದಿಗಳನ್ನು ಉಕ್ಕಿನ ದವಡೆಗಳು ಕಚ್ಚಿ ಹಿಡಿಯುತ್ತವೆ. ನಡುವೆ ಮುರಿದರೆ ಅದು ಪಟ್ಟಿಯ ನಿಜವಾದ ಬಲ. ದವಡೆಯ ಬಾಯಲ್ಲೇ ಮುರಿದರೆ ಹಿಡಿತದ ತಪ್ಪು, ಲೆಕ್ಕಕ್ಕಿಲ್ಲ. ಅಂಥದ್ದಕ್ಕೆ ಪ್ರಯೋಗಾಲಯದಲ್ಲಿ ಒಂದೇ ಮಾತು: ‘ದವಡೆ ಕಚ್ಚಿತು’. ಆ ಮಾತು ಮನೆಗೂ ಬಂದಿತ್ತು. ಲೋಟ ಒಡೆದರೂ, ಬಾಚಣಿಗೆಯ ಹಲ್ಲು ಹೋದರೂ ಅವಳ ತಮ್ಮ ಮುಖ ಸಪ್ಪಗೆ ಮಾಡಿಕೊಂಡು ಅದನ್ನೇ ಹೇಳಿ ನಗಿಸುತ್ತಿದ್ದ.

ತಮ್ಮ ಕರೆಂಟಿನ ಕಂಬ ಹತ್ತುವವನು. ಅವನಂಥವರು ಬಳಸುವ, ಇದೇ ಗಾಜಿನ ನಾರಿನ ಏಣಿಗಳಿಂದ ಕತ್ತರಿಸಿದ ಐದು ಪಟ್ಟಿಗಳು ಹೋದ ವರ್ಷ ಪರೀಕ್ಷೆಗೆ ಬಂದಿದ್ದವು. ಐದರಲ್ಲಿ ಮೂರು ಚೆನ್ನಾಗಿ ತಡೆದವು, ಎರಡು ಅರ್ಧ ಬಲಕ್ಕೇ ಪಟ್ಟೆಂದವು. ವರದಿ ಎಲ್ಲಿ ಎಂದು ಮೇಲಿನವರು ಅವತ್ತು ಬೆಳಗಿನಿಂದ ಪ್ರಾಣ ತಿನ್ನುತ್ತಿದ್ದರು.

“ಎಲ್ಲಿ ಮುರೀತು ನೋಡಿದ್ಯೇನಮ್ಮಾ?” ಎಂದು ಮೇಲ್ವಿಚಾರಕರು ಕೇಳಿದರು.

ಅಕ್ಕ ನೋಡಿದ್ದಳು. “ದವಡೆ ಕಚ್ಚಿತು ಸಾರ್,” ಎಂದಳು. ಅವರು ಆ ಎರಡನ್ನು ಲೆಕ್ಕದಿಂದ ಬಿಟ್ಟು, ತಲೆ ಎತ್ತದೆ ಪಾಸೆಂದು ಸಹಿ ಹಾಕಿದರು.

ಮೂರು ವಾರದ ಹಿಂದೆ ಏಣಿಯ ಕಾಲು ಮುರಿದು ತಮ್ಮ ಬಿದ್ದ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಏಣಿ ಪರೀಕ್ಷೆ ಪಾಸಾದದ್ದು, ಇವನೇ ಕಾಲು ಜಾರಿ ಅದರ ಮೇಲೆ ಬಿದ್ದು ಅದನ್ನು ಮುರಿದ ಎಂದು ಕಚೇರಿಯವರು ಬರೆದುಕೊಂಡರು. ಕೇಳಿ ಕೇಳಿ ತಮ್ಮನಿಗೂ ಹಾಗೇ ಅನ್ನಿಸತೊಡಗಿತು. ನಾನೇ ಏನೋ ಎಡವಟ್ಟು ಮಾಡಿಕೊಂಡಿರಬೇಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಅಕ್ಕ ಮುರಿದ ಏಣಿಗೆ ಅಂಟಿಸಿದ್ದ ಚೀಟಿಯ ನಂಬರು ಬರೆದುಕೊಂಡು ಹೋಗಿ ಪ್ರಯೋಗಾಲಯದ ಕಪಾಟು ತೆಗೆದಳು. ಅದೇ ನಂಬರಿನ ಲಕೋಟೆಯಲ್ಲಿ, ಲೆಕ್ಕದಿಂದ ಬಿಟ್ಟ ಎರಡು ಪಟ್ಟಿಗಳ ತುಂಡುಗಳು ಹಾಗೇ ಇದ್ದವು.

ಸಂಜೆ ಅವನ್ನು ತಮ್ಮನ ಹಾಸಿಗೆಯ ಮೇಲಿಟ್ಟು, ನಡೆದದ್ದನ್ನೆಲ್ಲ ನೆಲ ನೋಡುತ್ತ ಹೇಳಿದಳು. ತಮ್ಮ ಒಂದು ತುಂಡನ್ನು ಎತ್ತಿಕೊಂಡ. ತುದಿಯಲ್ಲಿ ದವಡೆಯ ಹಲ್ಲಿನ ಗುರುತು. ಅಲ್ಲಿಂದ ಮುರಿದ ಜಾಗದವರೆಗೆ ಬೆರಳಿಟ್ಟು ಅಳೆದ. ನಾಲ್ಕು ಬೆರಳು. ಇನ್ನೊಮ್ಮೆ ಅಳೆದ.

“ಇಷ್ಟು ದೂರ ಕಚ್ಚುತ್ತೇನಕ್ಕಾ, ದವಡೆ?”

“ಇಲ್ಲ.” ನಾಳೆ ನೀನು ಬಿದ್ದದ್ದರ ವಿಚಾರಣೆ ಇದೆಯಲ್ಲ, ಅಲ್ಲಿ ಇದನ್ನೇ ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ ಎಂದಳು.

ತಮ್ಮ ತುಂಡನ್ನು ಕೆಳಗಿಟ್ಟ. ಅವಳ ಮುಖ ಕಾಣದಂತೆ ಗೋಡೆಯ ಕಡೆ ತಿರುಗಬೇಕೆಂದು ಹೆಣಗಿದ. ಮೈ ಏಳಲಿಲ್ಲ.

“ತಿರುಗಿಸು,” ಎಂದ.

ಅಕ್ಕ ಎದ್ದು, ಅವನ ಸೊಂಟದ ಕೆಳಗೆ ಕೈ ಹಾಕಿ, ಮೆಲ್ಲಗೆ ಆ ಕಡೆ ತಿರುಗಿಸಿದಳು.