ತಲೆಕೆಳಗಾದ ಹುಡುಗಿ

ಹಳಿಯಾಳದ ಒಂದು ಪಡಸಾಲೆಯಲ್ಲಿ ನಾಲ್ವರು ಹೆಂಗಸರು ಸೂಜಿಗೆ ದಾರ ಪೋಣಿಸುತ್ತಿದ್ದರು. ಅವರ ನಡುವೆ ನೆಲದ ಮೇಲೆ ಮಡಿಸಿ ಹಾಸಿದ್ದ ಹಳೇ ಸೀರೆಯೇ ನಾನು. ಎಲ್ಲರೂ ಸಮ ಎಂದು ಮೆರವಣಿಗೆಯಲ್ಲಿ ಸಾರುವ ಬ್ಯಾನರ್ ಆಗಿ ನಾನು ಹುಟ್ಟಿದ್ದು ಅಂದು.

ಬದಿಗೊಬ್ಬರಂತೆ ಕುಳಿತು, ಕೌದಿ ಹೊಲಿಯುವ ಹಾಗೆ ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದರು. ಸಿದ್ದಿ ಕೇರಿಯ ಹುಸೇನಬಿ ಬಣ್ಣದ ಚಿಂದಿಗಳಿಂದ ಒಬ್ಬ ಹೆಂಗಸನ್ನು ಮಾಡಿದಳು. ಲಂಬಾಣಿ ತಾಂಡಾದ ರುಪ್ಲಿಬಾಯಿಯ ಹೆಂಗಸಿಗೆ ಮೈತುಂಬ ಕನ್ನಡಿ. ಮಹಿಳಾ ಸಂಘದ ಮುಖ್ಯಸ್ಥೆ ಗಂಗಕ್ಕನದು ಇಳಕಲ್ ಸೆರಗಿನವಳು. ಶಾಲೆ ಬಿಟ್ಟು ಮನೆಯಲ್ಲಿದ್ದ ದ್ಯಾಮವ್ವ ತನ್ನ ನೀಲಿ ಯೂನಿಫಾರ್ಮನ್ನೇ ಕತ್ತರಿಸಿ, ಪಾಟಿಚೀಲ ಹೊತ್ತ ಹುಡುಗಿಯನ್ನು ಹೊಲಿದಳು.

ಹೊಲಿಗೆ ಮುಗಿದ ಮೇಲೆ ಗಂಗಕ್ಕ ತನ್ನ ಅಂಚು ಕೆಳಗೆ ಬರುವಂತೆ ನನ್ನನ್ನು ಗೋಡೆಗೆ ಹಿಡಿಸಿದಳು. ಅವಳ ಹೆಂಗಸು ನೆಟ್ಟಗೆ ನಿಂತಳು. ಅಕ್ಕಪಕ್ಕದ ಇಬ್ಬರು ಅಡ್ಡ ಮಲಗಿದ್ದರು. ದ್ಯಾಮವ್ವನ ಹುಡುಗಿಯಂತೂ ಕಾಲು ಮೇಲಾಗಿ ನೇತಾಡುತ್ತಿದ್ದಳು. ಹೊದೆಯುವ ಕೌದಿಗೆ ಮೇಲು ಕೆಳಗು ಎಲ್ಲಿಯದು? ಅದೇ ರೂಢಿಯಲ್ಲಿ ಎಲ್ಲರೂ ತಂತಮ್ಮ ಕಡೆಗೆ ಕಾಲು ಮಾಡಿ ಹೊಲಿದುಬಿಟ್ಟಿದ್ದರು.

“ಅಯ್ಯ ನಮ್ಮವ್ವಾ! ನನ್ನಾಕಿ ಉಂಡು ಮಲಗ್ಯಾಳ ನೋಡ್ರಿ,” ಎಂದು ರುಪ್ಲಿಬಾಯಿ ನಕ್ಕಳು.

ಗಂಗಕ್ಕ ನಗಲಿಲ್ಲ. “ನಾಳೆ ಕೋಲಿಗೆ ಕಟ್ಟಿ ಮೆರವಣಿಗ್ಯಾಗ ಒಯ್ಯೂದೈತಿ. ಮಲಗಿದವರು ಇರಲಿ, ಈ ತಲಿಕೆಳಗಾದಾಕೀನ್ನಷ್ಟ ಬಿಚ್ಚೂಣು,” ಎಂದು ಕತ್ತರಿ ಎತ್ತಿಕೊಂಡಳು.

ದ್ಯಾಮವ್ವ ನನ್ನ ಅಂಚನ್ನು ಬಿಗಿಯಾಗಿ ಹಿಡಿದಳು. ಕತ್ತರಿಯ ತಣ್ಣನೆಯ ಮೊನೆ ನನ್ನ ಮೈಗೆ ತಾಗಿತು.

“ತಡಿ ಗಂಗಕ್ಕಾ,” ಎಂದಳು ಹುಸೇನಬಿ. “ತಿರುವಿ ಹಿಡಿದ್ರ ನಿನ್ನಾಕಿನ ತಲಿಕೆಳಗ ಆಗ್ತಾಳ. ಆಗ ಆಕೀನ್ನ ಬಿಚ್ಚತೀಯೇನು?”

ಕತ್ತರಿ ನಿಂತಿತು. ಆಗ ದ್ಯಾಮವ್ವನ ಸಣ್ಣ ದನಿ ಕೇಳಿತು. “ಕೋಲಿಗೆ ಯಾಕ ಕಟ್ಟಬೇಕ್ರಿ ಅಕ್ಕಾರ? ನಾಕೂ ಮಂದಿ ನಾಕು ಕಡೆ ಹಿಡಕೊಂಡು ಹೋಗೂಣಲ್ಲ.”

ಗಂಗಕ್ಕ ಅವಳ ಮುಖವನ್ನೇ ನೋಡಿ ಕತ್ತರಿ ಕೆಳಗಿಟ್ಟಳು. ನನಗೆ ಹೋದ ಜೀವ ಬಂದಂತಾಯಿತು.

ಮರುದಿನ ನಾನು ಚಾದರದಂತೆ ಹರಡಿಕೊಂಡು ಪೇಟೆಯಲ್ಲಿ ಸಾಗಿದೆ. ಮಾಳಿಗೆಗಳ ಮೇಲಿನ ಮಂದಿ ಬಗ್ಗಿ ನೋಡಿದರು. ಯಾವ ಕಡೆಯಿಂದ ನೋಡಿದರೂ ಒಬ್ಬಳು ನೆಟ್ಟಗೆ ನಿಂತಿರುತ್ತಿದ್ದಳು. ದ್ಯಾಮವ್ವ ತಲೆಯೆತ್ತಿ ನಡೆದಳು.

ಆಮೇಲೆ ಬೇರೆ ಊರುಗಳ ಕೈಗೂ ಹೋದೆ. ಕನ್ನಡಿಗಳು ಉದುರಿದವು, ನೀಲಿ ಮಾಸಿತು. ಈಗ ಅಂಗಡಿಯಲ್ಲಿ ಅಚ್ಚು ಹಾಕಿಸಿದ ಬ್ಯಾನರ್‌ಗಳು ಬರುತ್ತವೆ; ನಾನು ಸಂಘದ ಕಪಾಟಿನಲ್ಲಿದ್ದೇನೆ. ಬೇಸರವಿಲ್ಲ. ನನ್ನ ಮೈಯಿಂದ ಯಾರನ್ನೂ ಕಿತ್ತು ತೆಗೆಯಲಿಲ್ಲ. ಕಪಾಟು ತೆರೆದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ, ಯಾರೂ ಓಗೊಡುವುದಿಲ್ಲ: ನನ್ನನ್ನು ಒಮ್ಮೆ ಬಿಸಿಲಿಗೆ ಹಾಕಿ.