ಬನ್ನು ಬೇಯುವಷ್ಟು ಹೊತ್ತು

ಬೇಕರಿಯವನ ಹೆಂಡತಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ಮನೆಗೆ ಹೋದವಳು ಮಧ್ಯಾಹ್ನ ಮೂರೂವರೆಗೆ ಬಂದು ನೋಡುತ್ತಾಳೆ, ಗಂಡ ಓವನ್ನಿನ ಮುಂದೆ ಬಿದ್ದಿದ್ದಾನೆ! ಬಾಯಿ ಸೊಟ್ಟಗಾಗಿದೆ, ಬಲಗೈಗೆ ಜೀವವಿಲ್ಲ, ಮಾತಿಲ್ಲ. ಅದೂ ಎಂಥವನಿಗೆ? ಮೂವತ್ತು ವರ್ಷದಿಂದ ಬಾಯಿ ಮುಚ್ಚದ ಮನುಷ್ಯನಿಗೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಸಿದ ಡಾಕ್ಟರಮ್ಮ ಅವನ ಮಂಚದ ಪಕ್ಕದಲ್ಲೇ ನಿಂತು ಕೇಳಿದರು: "ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆ. ಔಷಧಿ ಇದೆ, ಆದ್ರೆ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು. ತಡವಾದ್ರೆ ಒಳಗೇ ರಕ್ತ ಸೋರಬಹುದು. ಇವರು ಚೆನ್ನಾಗಿದ್ದಿದ್ದನ್ನ ಕೊನೇಸಲ ಯಾವಾಗ ನೋಡಿದ್ರಿ?"

"ಒಂಬತ್ತಕ್ಕೆ."

ಗೋಡೆ ಗಡಿಯಾರದಲ್ಲಿ ನಾಲ್ಕೂಕಾಲು. ಡಾಕ್ಟರಮ್ಮನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಇವಳಿಗೆ ಓವನ್ನು ನೆನಪಾಯಿತು.

"ತಡೀರಿ ಡಾಕ್ಟ್ರಮ್ಮಾ! ಮೂರೂವರೆಗೆ ನಾನು ಓವನ್ ಆರಿಸಿದಾಗ ಬನ್ನು ಹೊಂಬಣ್ಣಕ್ಕೆ ಬಂದಿತ್ತು. ಆ ಟ್ರೇ ಎತ್ತಿ ಒಳಗಿಡೋಕೆ ಎರಡು ಗಟ್ಟಿ ಕೈ ಬೇಕು, ಅಂಗಡೀಲಿ ಇವರು ಬಿಟ್ರೆ ಯಾರೂ ಇಲ್ಲ. ನಮ್ಮ ಬನ್ನು ಇಪ್ಪತ್ತೈದು ನಿಮಿಷಕ್ಕೆ ಹೊಂಬಣ್ಣ, ಇನ್ನೈದು ನಿಮಿಷ ಬಿಟ್ರೆ ಇದ್ದಿಲು. ಅಂದ್ರೆ ಮೂರು ಗಂಟೇಲಿ ಇವರು ಗುಂಡುಕಲ್ಲಿನ ಹಾಗಿದ್ರು!"

"ಖಂಡಿತಾನಾ?"

"ಮೂವತ್ತು ವರ್ಷದಿಂದ ಅದೇ ಬನ್ನಿಗೆ ಇವರ ಹತ್ರ ಬೈಸ್ಕೊಂಡಿದೀನಿ!"

ಡಾಕ್ಟರಮ್ಮ ನರ್ಸಿಗೆ ಸನ್ನೆ ಮಾಡಿದರು. ಔಷಧಿ ನರಕ್ಕೆ ಇಳಿಯತೊಡಗಿತು.

"ಇದು ಬರೀ ಎಬ್ಬಿಸೋ ಔಷಧಿ ಅಮ್ಮಾ. ಹೆಪ್ಪನ್ನ ಕರಗಿಸೋದು ಅವರದೇ ರಕ್ತ. ಅದರಲ್ಲಿ ಪ್ಲಾಸ್ಮಿನೋಜೆನ್ ಅಂತ ಒಂದು ಪ್ರೋಟೀನ್ ತೆಪ್ಪಗೆ ಮಲಗಿರುತ್ತೆ. ಅದು ಎದ್ರೆ ಕೆಲಸ ಆಯ್ತು" ಎಂದರು ಡಾಕ್ಟರಮ್ಮ.

"ಇವರ ಮೈಯಲ್ಲಿರೋದಾ? ಹಾಗಾದ್ರೆ ಒಂದು ಕೂಗಿಗೆ ಏಳಲ್ಲ, ಸ್ವಲ್ಪ ಜೋರಾಗೇ ಎಬ್ಬಿಸಿ!"

ನರ್ಸು ಕಿಸಕ್ಕನೆ ನಕ್ಕಳು. ಇವಳೂ ನಕ್ಕಳು, ನಗುತ್ತಲೇ ಕಣ್ಣು ತುಂಬಿಬಂತು. ಗಂಡನ ಬಲಗೈ ಹಿಡಿದು ಕೂತಳು. ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ, ಈಗ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. "ಏಳಪ್ಪಾ ಪುಣ್ಯಾತ್ಮ, ಇವತ್ತೊಂದಿನ ಬೇಗ ಏಳು" ಎಂದು ಕಣ್ಣಿಗೆ ಕಾಣದ ಆ ಪ್ರೋಟೀನನ್ನೇ ಬೇಡಿಕೊಂಡಳು.

ಅರ್ಧ ಗಂಟೆಯಾಯಿತು. ಕಿರುಬೆರಳು ಅಲುಗಿತೇ? ಭ್ರಮೆಯಿರಬೇಕು ಎಂದುಕೊಂಡಳು. ಅಷ್ಟರಲ್ಲಿ ಐದೂ ಬೆರಳು ಸೇರಿ ಅವಳ ಅಂಗೈಯನ್ನು ಹಿಸುಕಿದವು. ಸೊಟ್ಟ ಬಾಯಿ ಮೆಲ್ಲಗೆ ನೆಟ್ಟಗಾಗುತ್ತ ಬಂತು. ತುಟಿ ಅದುರಿತು. ಅವಳು ಕಿವಿ ಹತ್ತಿರ ತಂದಳು.

"ಇಪ್ಪತ್ತೈದಲ್ಲ ಕಣೇ..." ಗಂಡ ತೊದಲಿದ. "ಇಪ್ಪತ್ತೆರಡು."

ಮೂವತ್ತು ವರ್ಷದಲ್ಲಿ ಒಂದು ಸಲವೂ ಒಪ್ಪಿಕೊಳ್ಳದವಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು: "ಹೂಂ ರೀ, ಇಪ್ಪತ್ತೆರಡೇ!"