ತಾಯಿಯ ತಾಯಿಯ ಹೆಸರು

"ಅಜ್ಜಿ, ಬಾಯಲ್ಲಿರೋದನ್ನ ಉಗಿದು, ಚೆನ್ನಾಗಿ ಮುಕ್ಕಳಿಸಿ. ಆಮೇಲೆ ಅರ್ಧ ಗಂಟೆ ಏನೂ ಹಾಕ್ಕೋಬೇಡಿ," ಎಂದ ಸಿದ್ಧಾರ್ಥ್, ಜಗಲಿಯ ಮೇಲೆ ಪ್ಲಾಸ್ಟಿಕ್ ಟ್ಯೂಬುಗಳನ್ನು ತೆಗೆದಿಡುತ್ತ.

ಓಬಳಮ್ಮ ಎಲೆ ಅಡಿಕೆ ಹೊಗೆಸೊಪ್ಪನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿದಳೇ ಹೊರತು ಉಗಿಯಲಿಲ್ಲ. ಕಟ್ಟಿಕೊಂಡ ಗಂಡನಿಗೇ ಬಿಡಿಸಲಾಗದ ಚಟವನ್ನು ಶೆಟ್ಟಿಹಳ್ಳಿಯಿಂದ ಬೈಕಿನಲ್ಲಿ ಬಂದ ಹುಡುಗ ಬಿಡಿಸುವುದುಂಟೆ?

ಸಿದ್ಧಾರ್ಥ್ ಸಂಶೋಧನೆ ಮಾಡುತ್ತಿದ್ದ. ಈ ಸೀಮೆಯ ಬೇರೆ ಬೇರೆ ಜನ, ಬೇರೆ ಬೇರೆ ಮಾತಿನವರು ತಾಯಿಯ ಕಡೆಯಿಂದ ಹಿಂದಕ್ಕೆ ಹೋದರೆ ಎಲ್ಲಿಯವರು, ಯಾರಿಗೆ ಯಾರು ಹತ್ತಿರ ಎಂದು ಎಂಜಲಿನಿಂದ ಪತ್ತೆ ಹಚ್ಚುವುದು ಅವನ ಕೆಲಸ. ಒಂದೇ ತಾಯಿಬಳ್ಳಿಯಿಂದ ಇಬ್ಬರ ಎಂಜಲು ತೆಗೆದುಕೊಳ್ಳುವಂತಿಲ್ಲ. ಹೆಬ್ಬೂರಿನ ಈ ಮನೆಯಲ್ಲಿ ಅತ್ತೆಯೂ ಇದ್ದಾಳೆ, ಸೊಸೆಯೂ ಇದ್ದಾಳೆ ಎಂದು ತಿಳಿದಾಗ, ಒಂದೇ ಜಗಲಿಯಲ್ಲಿ ಎರಡು ಬಳ್ಳಿ ಸಿಕ್ಕವೆಂದು ಹಿಗ್ಗಿದ್ದ.

ಅತ್ತೆ ಗೋಡೆಗೊರಗಿ ಕೂತಿದ್ದಳು, ಸೊಸೆ ಕೋಮಲಾ ಹೊಸ್ತಿಲ ಮೇಲೆ. ಇಬ್ಬರ ನಡುವೆ ಮಾತು ನಿಂತು ಎರಡು ವರ್ಷವಾಗಿತ್ತು. ಹೇಳಲೇಬೇಕಾದದ್ದನ್ನು ಓಬಳಮ್ಮ ಅಂಗಳದಲ್ಲಿ ಕಟ್ಟಿದ ಹಸುವಿಗೆ ಹೇಳುತ್ತಿದ್ದಳು, ಕೋಮಲಾ ಕೇಳಿಸಿಕೊಂಡು ಮಾಡುತ್ತಿದ್ದಳು. ಹಸು ಮಾತ್ರ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

"ಮನೆಮಾತು, ಅಜ್ಜಿ?"

"ಕನ್ನಡ ಕಣಪ್ಪ. ನಮ್ಮವ್ವ ಮಡಕಶಿರದ ಕಡೇದು, ತೆಲುಗು ಬಿಟ್ರೆ ಬರ್ತಿರ್ಲಿಲ್ಲ. ನಂಗೆ ಅದ್ರಲ್ಲಿ ಬಯ್ಯೋಕಷ್ಟೇ ಬರೋದು."

ಅದನ್ನು ಬರೆದುಕೊಂಡು ಅವನು ಸೊಸೆಯ ಕಡೆ ತಿರುಗಿದ. "ಅಕ್ಕ, ನಿಮ್ಮ ತಾಯಿ ಹೆಸರು?"

"ಚಿಕ್ಕಮಾರಮ್ಮ. ಹುಲಿಯೂರುದುರ್ಗಕ್ಕೆ ಕೊಟ್ಟಿದ್ರು."

"ತಾಯಿಯ ತಾಯಿಯ ಹೆಸರು?"

ಕೋಮಲಾ ಗೋಡೆಯ ಕಡೆ ನೋಡಿದಳು. "ಓಬಳಮ್ಮ."

ಸಿದ್ಧಾರ್ಥ್ ಬರೆದ. ಬರೆದ ಮೇಲೆ ಪೆನ್ನು ನಿಂತಿತು. "ನಿಮ್ಮ ಅಜ್ಜಿ ಹೆಸರೂ ಓಬಳಮ್ಮಾನೇನಾ?"

"ಅತ್ತೇನೂ ಅವ್ರೇ, ಅಜ್ಜೀನೂ ಅವ್ರೇ. ನನ್ನ ಸೋದರಮಾವಂಗೇ ಕೊಟ್ಟವ್ರೆ."

ಅವನ ಮುಖ ಪೆಚ್ಚಾಯಿತು. ಸೋದರಮಾವನಿಗೆ ಹೆಣ್ಣು ಕೊಡುವ ನಾಡಿನಲ್ಲಿ ಹುಟ್ಟಿ ಬೆಳೆದೂ ಇದು ಅವನ ತಲೆಗೆ ಹೊಳೆದಿರಲಿಲ್ಲ. ಓದಿದ ತಲೆ, ಬೇರೆ ಕಡೆ ಇತ್ತು.

"ಹಂಗಾದ್ರೆ ಇಬ್ಬರದೂ ಒಂದೇ ಬಳ್ಳಿ. ಒಬ್ಬರು ಕೊಟ್ರೆ ಸಾಕು," ಎಂದ.

ಓಬಳಮ್ಮ ಹಸುವಿನ ಕಡೆ ಮುಖ ತಿರುಗಿಸಿದಳು. "ಹೆತ್ತೋಳ ಕಾಯಿಲೇನ ಮುಚ್ಚಿಟ್ಟೋಳು ನಂಗೇನೂ ಆಗ್ಬೇಕಿಲ್ಲ ಅಂತ ಬರ್ಕೊಳ್ಳೋಕೆ ಹೇಳು."

ಕೋಮಲಾ ತಲೆ ತಗ್ಗಿಸಿದಳು. ಚಿಕ್ಕಮಾರಮ್ಮ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವ್ವನಿಗೆ ಹೇಳಬೇಡ, ತಡಕೊಳ್ಳಲ್ಲ ಎಂದು ಮಗಳಿಂದ ಆಣೆ ಹಾಕಿಸಿಕೊಂಡಿದ್ದಳು. ಓಬಳಮ್ಮ ಮಗಳ ಮುಖ ಕಂಡದ್ದು ವ್ಯಾನಿನಿಂದ ಇಳಿಸಿದಾಗ. ಆಣೆಯ ವಿಷಯ ಆಮೇಲೆ ಮಗ, ಕೋಮಲಾಳ ಗಂಡ ರವೀಶನಿಂದ ಅವಳ ಕಿವಿಗೂ ಬಿದ್ದಿತ್ತು. ಆದರೆ ಸತ್ತವಳ ಮೇಲೆ ಮುನಿಸಿಕೊಳ್ಳುವುದು ಹೇಗೆ? ಎದುರಿಗಿದ್ದವಳ ಮೇಲೆ ಮುನಿಸಿಕೊಂಡಳು. ಮುನಿಸು ಹಳತಾದಂತೆ ಅದನ್ನು ಕೆಳಗಿಳಿಸುವ ದಾರಿ ಅವಳಿಗೇ ಮರೆತುಹೋಯಿತು.

ಸಿದ್ಧಾರ್ಥನಿಗೆ ಇದೇನೂ ಗೊತ್ತಿಲ್ಲ. ಅವನು ಪಾಠ ಒಪ್ಪಿಸುವವನಂತೆ ಹೇಳಿದ: "ನೀವು ಹಂಗಂದ್ರೂ ಬಳ್ಳಿಯ ಗುರುತು ಹೋಗಲ್ಲ ಅಜ್ಜಿ. ನಿಮ್ಮ ತಾಯಿಯಿಂದ ನಿಮಗೆ, ನಿಮ್ಮಿಂದ ಮಗಳಿಗೆ, ಅವರಿಂದ ಇವರಿಗೆ ಬಂದಿದೆ. ನಿಮಗೆ ಬೇರೆ ಹೆಣ್ಮಕ್ಕಳು?"

"ಒಬ್ಳೇ ಇದ್ದದ್ದು."

"ಅವರಿಗೆ?"

"ಇವ್ಳೊಬ್ಳೇ."

"ಇವರಿಗೆ?"

"ಎರಡೂ ಗಂಡು," ಎಂದಳು ಓಬಳಮ್ಮ, ಕೊರಳೆತ್ತಿ. ಎರಡನೆಯದೂ ಗಂಡಾದಾಗ ಬೀದಿಗೆಲ್ಲ ಸಕ್ಕರೆ ಹಂಚಿದವಳು ಅವಳು. ಇನ್ನು ಸಾಕು, ಆಪರೇಷನ್ ಮಾಡಿಸ್ಕೋ ಎಂದವಳೂ ಅವಳೇ.

"ಗಂಡು ಮಕ್ಕಳಿಗೂ ತಾಯಿಯಿಂದ ಬಂದಿರುತ್ತೆ. ಆದ್ರೆ ಅವರಿಂದ ಮುಂದಕ್ಕೆ ಹೋಗಲ್ಲ. ನಿಮ್ಮ ಕಡೆಯಿಂದ ಬಂದದ್ದು ಇವರ ಮಕ್ಕಳಿಗೇ ನಿಲ್ಲುತ್ತೆ."

ಓಬಳಮ್ಮನ ಬಾಯಿ ಅಗಿಯುವುದನ್ನು ಮರೆಯಿತು. ಹಸುವನ್ನು ನೋಡಲಿಲ್ಲ, ಹುಡುಗನನ್ನೇ ನೋಡಿದಳು. "ಅಂದ್ರೆ, ನಮ್ಮ ಚಿಕ್ಕಮಾರೀದು ಅಂತ ಮುಂದುಕ್ಕೆ ಕೊಡೋಳು ಯಾರೂ ಉಳಿದಿಲ್ವಾ?"

"ಇವರೇ ಕೊನೆಯವರು, ಅಜ್ಜಿ."

"ಹಂಗಾದ್ರೆ ಅವ್ಳ್ದೇ ತಗೋ," ಎಂದಳು ಓಬಳಮ್ಮ.

ಸಿದ್ಧಾರ್ಥ್ ಟ್ಯೂಬನ್ನು ಕೋಮಲಾಳ ಕೈಗಿತ್ತು, ಗೆರೆ ಮುಟ್ಟುವ ತನಕ ಎಂಜಲು ತುಂಬಬೇಕೆಂದ. ಅವಳು ತುಟಿಗೆ ಹಿಡಿದು ಕೂತಳು. ಒಂದು ಹನಿಯೂ ಬರಲಿಲ್ಲ. ಬಾಯಿ ಪೂರಾ ಒಣಗಿತ್ತು.

"ನಿಧಾನ ಅಕ್ಕ. ಆಗದಿದ್ರೆ ಇನ್ನೊಂದಿನ ಬರ್ತೀನಿ."

"ಹುಣ್ಸೆಕಾಯಿ ನೆನುಸ್ಕೋ ಕಣೇ."

ಕೋಮಲಾ ತಲೆಯೆತ್ತಿದಳು. ಅಜ್ಜಿ ನೋಡುತ್ತಿದ್ದದ್ದು ಅವಳನ್ನೇ.

"ನಿನ್ನ ಬಸ್ರೀಲಿ ನಿಮ್ಮವ್ವಂಗೆ ಅನ್ನ ಕಂಡ್ರಾಗ್ತಿರ್ಲಿಲ್ಲ. ಬಸ್ಸತ್ತಿ ಇಲ್ಲಿಗೆ ಬಂದು ಕೂತ್ಕೊಂಡ್ಲು. ಎಳೇ ಹುಣ್ಸೆಕಾಯಿ ಬೇಕು ಅಂತ ಒಂದೇ ಹಟ. ಕೆರೆ ಏರಿ ಮ್ಯಾಲಿನ ಮರಕ್ಕೆ ಕೋಲು ತಗೊಂಡು ನಾನೇ ಹೋಗೋಳು, ಈ ಸೊಂಟ ಇಟ್ಕೊಂಡು. ಉಪ್ಪು, ಹಸೀಮೆಣಸಿನಕಾಯಿ ಹಾಕಿ ಕುಟ್ಟಿ ಅಂಗೈಮ್ಯಾಲೆ ಇಟ್ರೆ, ನೆಕ್ಕೋದು, ಒಂದು ಕಣ್ಣು ಮುಚ್ಕೊಳೋದು. ಹಲ್ಲೆಲ್ಲಾ ಚಳಿತು ಹೋಗಿ ಮುದ್ದೆ ನುಂಗೋಕೂ ಆಗ್ತಿರ್ಲಿಲ್ಲ. ಬುಡೇ ಸಾಕು ಅಂದ್ರೆ, ನಂಗಲ್ಲ ಕಣವ್ವ, ಒಳಗಿರೋಳು ಕೇಳ್ತಾವ್ಳೆ ಅನ್ನೋಳು. ಹೆಣ್ಣೇ ಅಂತ ಆಗ್ಲೇ ಹೆಂಗ್ ಗೊತ್ತಿತ್ತೋ ಕಾಣೆ."

ಕೋಮಲಾಳ ಬಾಯಲ್ಲಿ ನೀರೂರಿತು. ಕಣ್ಣಲ್ಲೂ. ಟ್ಯೂಬಿನಲ್ಲಿ ನೊರೆ ಮೇಲೇರುತ್ತ ಬಂದು ಗೆರೆ ದಾಟಿತು.

"ಸಾಕು ಅಕ್ಕ," ಎಂದ ಸಿದ್ಧಾರ್ಥ್.

ಅವಳು ಟ್ಯೂಬನ್ನು ಅವನಿಗೆ ಕೊಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಹೊಸ್ತಿಲಿನಿಂದ ಎದ್ದು ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು.

"ಆಮೇಲೆ?" ಎಂದಳು.